ಒಂಟಿ ಓಲೆಯ ದೊಡ್ಡತ್ತೆ

ದೊಡ್ಡತ್ತೆಯ ಎಡಗಿವಿಯಲ್ಲಿ ಕೆಂಪು ಕಲ್ಲಿನ ಚಿನ್ನದ ಓಲೆ, ಬಲಗಿವಿಯ ತೂತಿನಲ್ಲಿ ಒಂದು ಬೇವಿನ ಕಡ್ಡಿ. ಕಡ್ಡಿ ಒಣಗಿದರೆ ಅದನ್ನೇ ತೆಗೆದು ಹಲ್ಲಿನ ಸಂದಿ ಚೊಕ್ಕ ಮಾಡಿಕೊಂಡು, ಹಿತ್ತಲಿಗೆ ಹೋಗಿ ಹಸಿಯದೊಂದನ್ನು ಮುರಿದು ಸಿಕ್ಕಿಸಿಕೊಂಡು ಬರುತ್ತಿದ್ದರು. ನಾನು ಮದುವೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನ, ಆರತಿ ತಟ್ಟೆ ಹಿಡಿದು ನಿಂತಿದ್ದ ಅವರನ್ನು ಕಂಡು, ಪಾಪ, ಮದುವೆ ಗಡಿಬಿಡಿಯಲ್ಲಿ ಒಂದು ಓಲೆ ಎಲ್ಲೋ ಬೀಳಿಸಿಕೊಂಡಿದ್ದಾರೆ ಅಂದುಕೊಂಡೆ. ಹೇಳಲೋ ಬೇಡವೋ ಎಂದು ಒದ್ದಾಡುತ್ತಿರುವಾಗ ಪಕ್ಕದಲ್ಲಿದ್ದ ನನ್ನ ಅತ್ತೆಯ ಕಡೆ ಕಣ್ಣು ಹೋಯಿತು. ಅವರ ಬಲಗಿವಿಯಲ್ಲಿ ಅದೇ ಕೆಂಪು ಕಲ್ಲಿನ ಓಲೆ ಇತ್ತು. ಎಡಗಿವಿ ಖಾಲಿ.

ಇಬ್ಬರೂ ನನ್ನ ಮಾವನ ಹೆಂಡತಿಯರು. ದೊಡ್ಡತ್ತೆ ಮೊದಲನೆಯವರು, ನನ್ನ ಗಂಡನನ್ನು ಹೆತ್ತ ಅತ್ತೆ ಎರಡನೆಯವರು. ಮದುವೆಗೆ ಮೊದಲೇ ಈ ವಿಷಯ ಗೊತ್ತಿತ್ತು. ಹೊಳವನಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಅದನ್ನು ಬಾಯೊಳಗೇ ಮಣಮಣ ಅಂದು ಹೇಳಿ ಮುಗಿಸಿದ್ದರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಅದನ್ನು ಹಳೆ ಕಾಲದ ಕಥೆ ಎಂದು ತಳ್ಳಿಹಾಕಿ ಬಂದಿದ್ದೆ. ಓಲೆಯ ಕಥೆ ಮಾತ್ರ ಯಾರೂ ಹೇಳಿರಲಿಲ್ಲ. ಮದುವೆಯಾದ ವಾರಕ್ಕೆ ದೊಡ್ಡತ್ತೆಯೇ ಹೇಳಿದರು, ರಾಗಿ ಹಿಟ್ಟು ಜರಡಿ ಹಿಡಿಯುತ್ತಾ.

ಅವರ ಕಡೆ ಒಂದು ಪದ್ಧತಿ. ಗಂಡ ಎರಡನೆಯವಳನ್ನು ತರುವುದಾದರೆ ಹಿರಿಯವಳು ತನ್ನ ಕೈಯಾರೆ ಹೆಣ್ಣಿನ ಕಡೆಯವರಿಗೆ ವೀಳ್ಯದ ತಟ್ಟೆ ಕೊಡಬೇಕು. ಮದುವೆ ದಿನ ತನ್ನ ಮೈಮೇಲಿನ ಒಂದು ಒಡವೆ ತೆಗೆದು ಹೊಸಬಳಿಗೆ ಹಾಕಬೇಕು. ಅವಳ ಕೈ ಮುಂದೆ ಬಾರದೆ ಆ ಮದುವೆಯ ಚಪ್ಪರ ಏಳುವುದಿಲ್ಲ. ದೊಡ್ಡತ್ತೆಗೆ ಮಕ್ಕಳಾಗಲಿಲ್ಲ. ಮನೆಯವರು ಕೊಡು ಎಂದರು, ಇವರು ವೀಳ್ಯ ಕೊಟ್ಟರು. ಒಡವೆ ಹಾಕುವ ಹೊತ್ತಿಗೆ ತವರಿನ ಓಲೆಗಳಲ್ಲಿ ಒಂದನ್ನು ಮಾತ್ರ ಬಿಚ್ಚಿ ಮದುವಣಗಿತ್ತಿಯ ಕಿವಿಗೆ ಹಾಕಿ, ಕೈ ಕೊಡವಿ ಕೂತುಬಿಟ್ಟರಂತೆ.

"ಇನ್ನೊಂದೂ ಬಿಚ್ಚಮ್ಮಿ ಅಂತ ನಮ್ಮತ್ತೆ ತಿವಿದ್ರು. ನಾನಂದೆ, ಗಂಡನ್ನೇ ಅರ್ಧ ಕೊಡ್ತಾ ಇವ್ನಿ, ಓಲೆ ಯಾಕೆ ಪೂರ್ತಿ ಕೊಡ್ಲಿ ಅಂತ. ಚಪ್ಪರ್ದಾಗಿದ್ದೋರೆಲ್ಲ ಬಾಯಿ ಮ್ಯಾಲೆ ಬಟ್ಟೆ ಇಟ್ಕಂಡ್ರು ಕಣಮ್ಮ."

ಇನ್ನೊಬ್ಬಳಾಗಿದ್ದರೆ ಆ ಒಂಟಿ ಓಲೆಯನ್ನು ಅವಮಾನ ಎಂದು ಮೂಲೆಗೆ ಎಸೆಯುತ್ತಿದ್ದಳು. ನಮ್ಮ ಅತ್ತೆ ಎಸೆಯಲಿಲ್ಲ. ಮಾವ ಸಿರಾದ ಅಂಗಡಿಯಿಂದ ಹೊಸ ಜೋಡಿ ತಂದುಕೊಟ್ಟರೂ ಅದನ್ನು ಟ್ರಂಕಿಗೆ ಹಾಕಿ ಈ ಒಂಟಿಯನ್ನೇ ತೊಟ್ಟುಕೊಂಡರು. ಅದನ್ನು ಕಂಡಾಗಲೇ ಈ ಹುಡುಗಿಯ ಜೊತೆ ಬಾಳಬಹುದು ಅನ್ನಿಸಿತಂತೆ ದೊಡ್ಡತ್ತೆಗೆ. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಅತ್ತೆಗೆ "ಹುಡ್ಗಿ" ಎಂದೇ ಹೆಸರು. ಅತ್ತೆಯ ತಲೆಯೆಲ್ಲ ಬೆಳ್ಳಗಾದ ಮೇಲೂ "ಏ ಹುಡ್ಗಿ, ಕನ್ನಡಕ ಎಲ್ಲಿಟ್ಟೆ" ಎಂದು ಕೂಗುತ್ತಿದ್ದರು.

ಬಡವನಹಳ್ಳಿಯಿಂದ ಸಿರಾ ಕಡೆ ಹೋಗುವಾಗ ಒಳಗೆ ತಿರುಗಿದರೆ ನಮ್ಮೂರು. ಊರ ತುಂಬ ದೊಡ್ಡ ದೊಡ್ಡ ಹುಣಸೆಮರ. ಕುರಿ ಸಾಕುವ ಮನೆತನ ನಮ್ಮದು. ಈಗ ಕುರಿ ಕಡಿಮೆಯಾಗಿ, ನನ್ನ ಗಂಡ ಲೈನ್‌ಮನ್ ಕೆಲಸಕ್ಕೆ ಸೇರಿಕೊಂಡರೂ, ಮನೆ ಹಿಂದಿನ ಕುರಿ ರೊಪ್ಪ ಖಾಲಿ ಬಿದ್ದಿರಲಿಲ್ಲ. ಅದರ ಯಜಮಾನಿಕೆ ದೊಡ್ಡತ್ತೆಯದು. ಯಾವ ಕುರಿ ಗಬ್ಬ, ಯಾವುದು ಈದು ಎಷ್ಟು ದಿನವಾಯಿತು, ಯಾವ ಟಗರು ದಂಡಪಿಂಡ ಎಂದು ಬೆಳಗಿನ ಕಾಫಿಗೇ ವರದಿ ಒಪ್ಪಿಸುತ್ತಿದ್ದರು. ನಾನು ಸ್ಕೂಲಿಗೆ ಹೊರಟು ನಿಂತರೆ "ಏನಮ್ಮ ಮೇಡಮ್ಮ, ಇವತ್ತೇನ್ ಪಾಠ?" ಎಂದು ಕೇಳಲೇಬೇಕು. ಸಂತಾನೋತ್ಪತ್ತಿ ಎಂದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

"ಅದನ್ನೂ ಸ್ಕೂಲ್ನಾಗೆ ಕಲ್ಸ್ತಾರಾ? ನಮ್ ರೊಪ್ಪಕ್ಕೆ ಕರ್ಕಂಡ್ ಬಾ, ನಾನೇ ತೋರುಸ್ತೀನಿ."

ಎರಡು ಹೆಂಡತಿಯರ ಮನೆಯೆಂದರೆ ಜಗಳವಿದ್ದೇ ಇರುತ್ತದೆ ಅಂದುಕೊಂಡು ಬಂದ ನನಗೆ ಮೊದಲ ವರ್ಷ ಬರೀ ಆಶ್ಚರ್ಯ. ಅವರಿಬ್ಬರೂ ಜಗಳವಾಡುತ್ತಿದ್ದರು, ಇಲ್ಲವೆಂದಲ್ಲ. ಆದರೆ ಮಾವನಿಗಾಗಿ ಅಲ್ಲ. ಸಾರಿಗೆ ಹುಳಿ ಹೆಚ್ಚಾಯಿತು, ಟೀವಿ ಸದ್ದು ಜಾಸ್ತಿಯಾಯಿತು, ಹೀಗೆ. ಮಾವ ಒಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸಿ, ಅವರಿಗೆ ಮುದ್ದೆ ಬಡಿಸಿ, ಅವರು ಎದ್ದು ಹೋದ ಕೂಡಲೇ ನಿಂತ ಜಾಗದಿಂದ ಜಗಳ ಮುಂದುವರಿಸುತ್ತಿದ್ದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ದೊಡ್ಡತ್ತೆ ಪಾವಗಡಕ್ಕೆ ನೆಂಟರ ಮನೆಗೆ ಹೋಗಿ ಒಂದು ರಾತ್ರಿ ಉಳಿದರೆ ನಮ್ಮ ಅತ್ತೆಗೆ ಊಟ ಸೇರುತ್ತಿರಲಿಲ್ಲ. ಜೀವಶಾಸ್ತ್ರದ ಪುಸ್ತಕದಲ್ಲಿ ಜೋಡಿ ಬಾಂಧವ್ಯ ಎಂದು ಓದಿದ್ದೆನಲ್ಲ, ಆ ಮನೆಯಲ್ಲಿ ಅದನ್ನು ಹುಡುಕಿದವಳಿಗೆ ಸಿಕ್ಕ ಜೋಡಿ ಇವರಿಬ್ಬರೇ. ಮಾವ ಪಕ್ಕದಲ್ಲಿ ಎಲ್ಲೋ ಇದ್ದರು.

ಮಾವ ತೀರಿಕೊಂಡಾಗ ಇಬ್ಬರ ತಾಳಿ, ಕಾಲುಂಗುರ ತೆಗೆಸಿದರು. ಊರಿನ ಹಿರಿಯ ಹೆಂಗಸೊಬ್ಬಳು ದೊಡ್ಡತ್ತೆಯ ಓಲೆಗೂ ಕೈ ಹಾಕಿದಳು. ಅಳುತ್ತಿದ್ದ ದೊಡ್ಡತ್ತೆ ಅಳು ನಿಲ್ಲಿಸಿ ಅವಳ ಕೈ ಹಿಡಿದುಕೊಂಡರು.

"ಇದು ಅವನು ಕೊಟ್ಟಿದ್ದಲ್ಲ, ನಮ್ಮಪ್ಪ ಕೊಟ್ಟಿದ್ದು. ಬುಡು."

ಆ ಹೆಂಗಸು ನನ್ನ ಅತ್ತೆಯ ಕಡೆ ತಿರುಗಿದಳು. ಅತ್ತೆ ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಇದೂ ಅವ್ರು ಕೊಟ್ಟಿದ್ದಲ್ಲ. ಅಕ್ಕ ಕೊಟ್ಟಿದ್ದು" ಎಂದರು. ಎರಡು ಓಲೆಯೂ ಉಳಿದವು.

ನಮ್ಮೂರಿನ ಹುಣಸೆಮರಗಳಿಗೆ ಪ್ರತಿ ವರ್ಷ ಚಳಿ ಮುಗಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬರುತ್ತವೆ. ಬಂದು, ಜೋಡಿಯಾಗಿ, ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಊರವರ ಲೆಕ್ಕ, ಗೂಡಿರುವ ಮರ ಹತ್ತಿ ಯಾರೂ ಕಾಯಿ ಉದುರಿಸುವುದಿಲ್ಲ. ನಮ್ಮ ಹಿತ್ತಲ ಮರದ ಪಡುವಣ ಕೊಂಬೆಯಲ್ಲಿ ಕೂರುವ ಜೋಡಿ ವರ್ಷ ವರ್ಷವೂ ಅದೇ ಗಂಡ ಹೆಂಡತಿ ಎಂದು ದೊಡ್ಡತ್ತೆ ನಂಬಿದ್ದರು. ಗಂಡಿಗೆ ಯಜಮಾನ, ಹೆಣ್ಣಿಗೆ ಯಜಮಾನ್ತಿ ಎಂದು ಹೆಸರಿಟ್ಟಿದ್ದರು. ಯಜಮಾನ ಕಡ್ಡಿ ತರುವುದರಲ್ಲಿ ಸೋಮಾರಿ ಎಂದು ಅವರ ದೂರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮೇಷ್ಟ್ರ ಚಾಳಿ, ತಡೆಯಲಾಗಲಿಲ್ಲ. ಈ ಹಕ್ಕಿಗಳು ಒಂದು ಹಂಗಾಮಿಗೆ ಮಾತ್ರ ಜೋಡಿ, ಮರಿ ಹಾರುವವರೆಗೆ ಎರಡೂ ಸೇರಿ ಕಾವು ಕೊಡುತ್ತವೆ, ಎರಡೂ ಮೀನು ತರುತ್ತವೆ, ಮುಂದಿನ ವರ್ಷ ಬೇರೆ ಜೋಡಿಯಾದರೂ ಆಗಬಹುದು ಎಂದು ಹೇಳಿಬಿಟ್ಟೆ. ಬೇಜಾರಾಗುತ್ತಾರೇನೋ ಎಂದು ನೋಡಿದರೆ ದೊಡ್ಡತ್ತೆ ಮರವನ್ನೇ ನೋಡುತ್ತಾ ಲೆಕ್ಕ ಹಾಕುತ್ತಿದ್ದರು.

"ವರ್ಷ ವರ್ಷ ಮದ್ವೇನಾ? ಊಟ ಯಾರ್ ಹಾಕ್ತಾರಮ್ಮ ಅಷ್ಟು ಜನಕ್ಕೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ, "ಅದೂ ಒಂದು ತರಾ ಒಳ್ಳೇದೇ ಬುಡು. ವರ್ಷಕ್ಕೊಂದು ಸಲ ಕೇಳಿ ಕೇಳಿ ಕಟ್ಟೋದು. ನಮ್ಮನ್ನ ಒಂದು ಸಲಾನೂ ಯಾರೂ ಕೇಳ್ಲಿಲ್ಲ" ಎಂದು ಸೇರಿಸಿದರು.

ನನಗೂ ಮಕ್ಕಳಾಗಲಿಲ್ಲ. ಒಂದೆರಡು ವರ್ಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ನೆಂಟರಿಷ್ಟರು ನನ್ನ ಹೊಟ್ಟೆ ನೋಡಿಯೇ ಮಾತು ಶುರು ಮಾಡತೊಡಗಿದರು. ತುಮಕೂರಿನ ಡಾಕ್ಟರಮ್ಮನ ಹತ್ತಿರ ಎಲ್ಲ ಪರೀಕ್ಷೆ ಮಾಡಿಸಿಕೊಂಡೆ. ನನ್ನಲ್ಲಿ ಏನೂ ತೊಂದರೆಯಿಲ್ಲ, ಯಜಮಾನರನ್ನು ಕರೆದುಕೊಂಡು ಬನ್ನಿ ಎಂದರು. ನನ್ನ ಗಂಡ ಹೂಂ ಎನ್ನುತ್ತಿದ್ದರು, ಹೋಗುತ್ತಿರಲಿಲ್ಲ. ಇವತ್ತು ಲೈನು ಕಟ್ಟಾಗಿದೆ, ನಾಳೆ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಕಂಬ ಹತ್ತಲು ಹೆದರದ ಮನುಷ್ಯ ಆಸ್ಪತ್ರೆಯ ಮೆಟ್ಟಿಲಿಗೆ ಹೆದರುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಪಾವಗಡದ ಕಡೆಯಿಂದ ಅತ್ತೆಯ ಅಣ್ಣ ಬಂದಿಳಿದರು. ನನ್ನ ಗಂಡನ ಸೋದರಮಾವ, ಮಾವ ಹೋದ ಮೇಲೆ ನಮ್ಮ ಮನೆಯ ದೊಡ್ಡ ಗಂಡಸು ತಾನೇ ಎಂದುಕೊಂಡವರು. ಜೊತೆಯಲ್ಲಿ ಅವರ ನಾದಿನಿಯ ಗಂಡ, ಕೈಯಲ್ಲೊಂದು ಚೀಲ. ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಚೀಲದಿಂದ ಒಂದು ಹಿತ್ತಾಳೆ ತಟ್ಟೆ ತೆಗೆದು, ಅದರಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಜೋಡಿಸಿ ನನ್ನ ಮುಂದಿಟ್ಟರು. ಅದೇನೆಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ಎರಡನೆಯವಳನ್ನು ತರಲು ಹಿರಿಯವಳು ಕೈಯಾರೆ ಕೊಡಬೇಕಾದ ವೀಳ್ಯ ಅದು.

"ಬೇಜಾರಾಗಬ್ಯಾಡಮ್ಮ," ಎಂದರು ಸೋದರಮಾವ, ಪಾವಗಡದ ಕಡೆಯ ತೆಲುಗು ಬೆರೆತ ಮಾತಿನಲ್ಲಿ. "ಈಯಪ್ಪನ ಮಗಳು ಮಂಚಿ ಹುಡುಗಿ. ನಿನ್ನ ಯಾರೂ ಆಚೆಗೆ ಹಾಕಲ್ಲ. ಚೂಡಮ್ಮ, ನಿಮ್ಮತ್ತೆಗಳಿಬ್ರೂ ಹೆಂಗವ್ರೆ! ಅಕ್ಕ ಚೆಲ್ಲೆಲು, ಒಡಹುಟ್ಟಿದ ಅಕ್ಕ ತಂಗೀರು ಇದ್ದಂಗೆ. ನಿನ್ ಕೈಯಾರೆ ಈ ತಟ್ಟೆ ಎತ್ತಿ ಈಯಪ್ಪಂಗೆ ಕೊಟ್ಬುಡು, ಸಾಕು."

ಅದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಕಾನೂನು ತಾನಾಗಿ ನಡೆದುಕೊಂಡು ಹಳ್ಳಿಯ ಜಗಲಿಗೆ ಬರುವುದಿಲ್ಲ. ನಾನು ನೋಡುತ್ತಿದ್ದದ್ದು ನನ್ನ ಗಂಡನ ಮುಖವನ್ನು. ಬೇಡ ಎಂದು ಒಂದು ಮಾತು ಅನ್ನಲಿ ಎಂದು ಕಾದೆ. ಅವರು ಕಂಬಕ್ಕೆ ಒರಗಿ ನೆಲ ನೋಡುತ್ತಾ ಹೆಬ್ಬೆರಳಿನ ಉಗುರು ಕೆರೆಯುತ್ತಿದ್ದರು. ಒಬ್ಬಳಿಗೆ ಒಬ್ಬ ಎಂದು ನಂಬಿಕೊಂಡು ಬಂದ ನನ್ನ ಸಂಸಾರ ಆ ಹಿತ್ತಾಳೆ ತಟ್ಟೆಯ ಮೇಲೆ ಕೂತಿತ್ತು, ಅದನ್ನು ಕಾಯಬೇಕಾದವನ ಬಾಯಿಗೆ ಬೀಗ ಬಿದ್ದಿತ್ತು. ಎಲ್ಲರೂ ಈಗ ದೊಡ್ಡತ್ತೆಯ ಕಡೆ ತಿರುಗಿದರು. ತಾವು ಮಾಡಿದ್ದನ್ನೇ ಸೊಸೆಗೂ ಹೇಳಿ ಒಪ್ಪಿಸುತ್ತಾರೆ ಎಂದು ಸೋದರಮಾವನ ಲೆಕ್ಕ. ನಿಜ ಹೇಳಬೇಕೆಂದರೆ ನನ್ನ ಲೆಕ್ಕವೂ ಅದೇ ಆಗಿತ್ತು.

ದೊಡ್ಡತ್ತೆ ರೊಪ್ಪದಿಂದ ಬಂದವರು ಕೈತೊಳೆದು ಸೆರಗಿಗೆ ಒರೆಸಿಕೊಂಡು ಜಗಲಿಯ ಮೇಲೆ ಕೂತರು. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಅಲ್ಲಪ್ಪಾ, ಮಂದೆಯಾಗೆ ಕುರಿ ಗಬ್ಬ ಆಗ್ಲಿಲ್ಲ ಅಂದ್ರೆ ನೀವು ಪಾವಗಡ್ದೋರು ಯಾವುದನ್ನ ಬದಲಾಯಿಸ್ತೀರಾ? ಕುರೀನೋ, ಟಗರನ್ನೋ?"

ಸೋದರಮಾವನೂ ಕುರಿಯವರೇ. "ಟಗರನ್ನೇ" ಎಂದುಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಂಡರು. "ಅದು ಕುರಿ ಮಾತಕ್ಕಾ. ಒಂದೇ ಕುರಿಗೆ ಗಬ್ಬ ನಿಲ್ಲಲಿಲ್ಲ ಅಂದ್ರೆ ಕುರೀನೇ ಅಲ್ವಾ ಮಾರೋದು?"

"ಇಲ್ಲಿರೋದೇ ಒಂದು ಕುರಿ, ಒಂದು ಟಗರು. ಯಾವುದರ ತಪ್ಪು ಅಂತ ನಿಂಗೆಂಗೆ ಗೊತ್ತಾಯ್ತು? ಕುರೀನ ಡಾಕ್ಟ್ರು ನೋಡವ್ರೆ, ಸರ್ಯಾಗೈತೆ ಅಂದವ್ರೆ. ಟಗರು ಕಂಬಕ್ಕೊರಗಿ ನಿಂತೈತೆ ನೋಡು, ಅದನ್ನ ಯಾರಾನ ಇಡ್ಕಂಡೋಗ್ರಪ್ಪಾ ಮೊದ್ಲು."

ನನ್ನ ಗಂಡನ ಕಿವಿ ಕೆಂಪಾಗಿದ್ದನ್ನು ಅಂದೇ ಮೊದಲ ಸಲ ನೋಡಿದ್ದು. ಹೆಣ್ಣಿನ ಅಪ್ಪ ನಗು ತಡೆಯಲಾರದೆ ಟವೆಲಿನಿಂದ ಮುಖ ಒರೆಸಿಕೊಂಡರು. ಸೋದರಮಾವ ಮಾತ್ರ ಬಿಡಲಿಲ್ಲ.

"ಏಮಕ್ಕಾ, ನೀನೇ ಇಂಗಂದ್ರೆ ಎಟ್ಲಾ? ನೀನು ಕೊಡ್ಲಿಲ್ವಾ ಅವತ್ತು ನಗನಗ್ತಾ? ನಮ್ ತಂಗಿ ಚೆನ್ನಾಗಿಲ್ವಾ ಈ ಮನೆಯಾಗೆ?"

ಆಗ ನನ್ನ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಗಂಡಸರ ನಡುವೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಅಣ್ಣಾ," ಎಂದರು. "ಚೆನ್ನಾಗಿವ್ನಿ. ಅವತ್ತು ನೀವು ನನ್ನ ಕೇಳಿದ್ರಾ? ಈಯಪ್ಪನ ಮಗಳ್ನಾದ್ರೂ ಕೇಳ್ಕಂಡ್ ಬಂದ್ರಾ?"

ಹೆಣ್ಣಿನ ಅಪ್ಪ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡರು. ಅವರು ಕೇಳಿರಲಿಲ್ಲ. ದೊಡ್ಡತ್ತೆ ತಟ್ಟೆಯಿಂದ ಎರಡು ಎಲೆ ಎತ್ತಿ, ತೊಡೆಯ ಮೇಲೆ ಒರೆಸಿ, ಸೊಂಟದ ಸಂಚಿಯಿಂದ ಸುಣ್ಣ ತೆಗೆದು ಹಚ್ಚಿ, ಅಡಿಕೆ ಇಟ್ಟು ಮಡಚಿ ತಮ್ಮ ಬಾಯಿಗೇ ಹಾಕಿಕೊಂಡರು.

"ಅಕ್ಕಾ! ಅದು ಶಾಸ್ತ್ರದ ವೀಳ್ಯ!" ಎಂದು ಸೋದರಮಾವ ಎದ್ದೇ ನಿಂತರು.

"ಎಲೆ ಚೆನ್ನಾಗೈತೆ. ಎಲ್ಲಿ ತಗಂಡೆ?" ಎಂದು ಕೇಳಿ ದೊಡ್ಡತ್ತೆ ಇನ್ನೆರಡಕ್ಕೆ ಸುಣ್ಣ ಹಚ್ಚಿದರು. "ಏ ಹುಡ್ಗಿ, ಬಾ, ನೀನೂ ಹಾಕ್ಕೋ."

ಅತ್ತೆ ಬಂದು ಪಕ್ಕದಲ್ಲಿ ಕೂತು ಹಾಕಿಕೊಂಡರು. ಮೂರನೆಯದನ್ನು ದೊಡ್ಡತ್ತೆ ನನ್ನ ಬಾಯಿಗೇ ತುರುಕಿದರು. ನನಗೆ ಎಲೆ ಅಡಿಕೆಯ ಅಭ್ಯಾಸವಿಲ್ಲ. ಸುಣ್ಣ ಹೆಚ್ಚಾಗಿ ನಾಲಿಗೆ ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬಂತು, ಅದು ಸುಣ್ಣದ್ದೋ ಇನ್ಯಾವುದರದ್ದೋ ನನಗೆ ಗೊತ್ತಿಲ್ಲ. ನಾವು ಮೂವರು ಸಾಲಾಗಿ ಕೂತು ಕುರಿ ಮೆಲುಕು ಹಾಕಿದ ಹಾಗೆ ಆ ಸಂಬಂಧವನ್ನು ಅಗಿದು ನುಂಗಿದೆವು. ಬಾಳೆಹಣ್ಣನ್ನು ದೊಡ್ಡತ್ತೆ ಹೆಣ್ಣಿನ ಅಪ್ಪನ ಕೈಗೇ ಕೊಟ್ಟು, "ಬಿಸ್ಲಾಗೆ ಬಂದಿದೀಯ, ತಿನ್ನಪ್ಪ. ಮಗೀಗೆ ಒಂಟಿ ಹುಡುಗನ್ನ ನೋಡು" ಎಂದರು. ಅವರು ಪುಣ್ಯವಂತರು, ನಕ್ಕು ಹಣ್ಣು ತಿಂದು, ಮಧ್ಯಾಹ್ನ ಮುದ್ದೆ ಊಟವನ್ನೂ ಮಾಡಿಕೊಂಡು ಹೋದರು. ಸೋದರಮಾವ ಖಾಲಿ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಅದಾದ ಎರಡು ಮೂರು ದಿನಕ್ಕೆ ನಾವು ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದೆವು. ನಾನು ತಡೆಯಲಾರದೆ ಕೇಳಿದೆ. ನೀವೇ ಕೊಟ್ಟಿದ್ದಿರಿ, ನಿಮ್ಮಿಬ್ಬರಿಗೂ ಎಲ್ಲ ಒಳ್ಳೆಯದೇ ಆಯಿತು, ಮತ್ತೆ ನನಗೇಕೆ ಬೇಡ ಎಂದಿರಿ ಎಂದು. ಅವರು ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನಗನಗ್ತಾ ಕೊಟ್ಟೆ ಅಂತಾರಲ್ಲ, ಆ ನಗು ಸುಳ್ಳು ಕಣಮ್ಮ. ಕೊಡ್ದಿದ್ರೆ ತವರಿಗೆ ಕಳುಸ್ತಾರೆ ಅಂತ ಭಯ. ಅದಕ್ಕೆ ನಕ್ಕೆ. ಆಮ್ಯಾಕೆ ಈ ಹುಡ್ಗಿ ಬಂದ್ಲು. ಅವಳಿಗೂ ಭಯ, ನಂಗೂ ಭಯ. ಇಬ್ರೂ ಒಬ್ರನ್ನೊಬ್ರು ನೋಡ್ಕಂಡು ನೋಡ್ಕಂಡು ಹೆಂಗೋ ಒಂದಾದ್ವಿ. ಜನ ನಿಮ್ಮಾವ ಎರಡು ಹೆಂಡ್ರುನ್ನ ಚೆನ್ನಾಗಿ ಸಂಬಾಳಿಸ್ದ ಅಂತಾರೆ. ಅವನೇನ್ ಸಂಬಾಳಿಸ್ದ? ಸಂಬಾಳಿಸ್ದೋರು ನಾವು. ಆ ಕೆಲ್ಸ ನಿಂಗೂ ಬ್ಯಾಡ, ಆ ಪಾವಗಡದ ಮಗೀಗೂ ಬ್ಯಾಡ."

ಪಕ್ಕದಲ್ಲಿದ್ದ ಅತ್ತೆ ತಮ್ಮ ಮುಂದಿನ ಬೀಜದ ರಾಶಿಯನ್ನು ದೊಡ್ಡತ್ತೆಯ ರಾಶಿಗೆ ಸೇರಿಸಿದರು.

ಜಗಲಿಯ ಮೇಲೆ ಟಗರು ಅನ್ನಿಸಿಕೊಂಡ ಮೇಲೆ ನನ್ನ ಗಂಡನಿಗೆ ಬೇರೆ ದಾರಿಯಿರಲಿಲ್ಲ. ಮುಂದಿನ ವಾರವೇ ತುಮಕೂರಿಗೆ ಬಂದರು. ಕೊರಟಗೆರೆ ದಾಟಿದ ಮೇಲೆ ಅವರೇ, "ಅವತ್ತು ಬ್ಯಾಡ ಅಂತ ಹೇಳ್ಬೇಕಿತ್ತು. ನನ್ನದೇ ತಪ್ಪಿದ್ರೆ ಏನ್ ಮಾಡೋದು ಅಂತ ಬಾಯಿ ಬರ್ಲಿಲ್ಲ" ಎಂದರು. ಅವರ ಭಯ ನಿಜವೇ ಆಗಿತ್ತು. ತೊಂದರೆ ಅವರದ್ದೇ, ಮಕ್ಕಳಾಗುವುದು ಬಹಳ ಕಷ್ಟ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದರು.

ಮನೆಗೆ ಬಂದಾಗ ಅವರು ಏನೂ ಹೇಳುವ ಅಗತ್ಯವೇ ಬೀಳಲಿಲ್ಲ, ಮುಖವೇ ಹೇಳುತ್ತಿತ್ತು. ದೊಡ್ಡತ್ತೆ ಟಗರಿನ ಮಾತು ಎತ್ತಲಿಲ್ಲ. ತಮಾಷೆ ಎಲ್ಲಿಗೆ ನಿಲ್ಲಬೇಕೆಂದು ಅವರಿಗೆ ಗೊತ್ತಿತ್ತು. ತಟ್ಟೆಗೆ ಮುದ್ದೆ ಹಾಕಿ, ಮೇಲೆ ತುಪ್ಪ ಸುರಿದು, ಅವರ ಮುಂದೆಯೇ ಕೂತು ತಾವೇ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು, ಆರಡಿ ಆಳಿಗೆ.

"ನಾನೂ ಹೆರ್ಲಿಲ್ಲ. ನೀನು ನನ್ನ ಮಗ ಅಲ್ವೇನ್ಲಾ?"

"ಹೂಂ ದೊಡ್ಡವ್ವ."

"ಅಂಗಾರೆ ಉಣ್ಣು."

ಮಾರನೆಯ ದಿನ ನಾನು ಸ್ಕೂಲಿನಿಂದ ಬಂದಾಗ ದೊಡ್ಡತ್ತೆ ಹಿತ್ತಲ ಹುಣಸೆಮರದ ಕೆಳಗೆ ಒಬ್ಬರೇ ಕಾಯುತ್ತಿದ್ದರು. ಮೇಲೆ ಕೊಕ್ಕರೆಗಳು ಆಗ ತಾನೇ ಬಂದು ಕೊಂಬೆಗಾಗಿ ಕಿತ್ತಾಡುತ್ತಿದ್ದವು. ನನ್ನ ಕೈಹಿಡಿದು ಕೂರಿಸಿಕೊಂಡರು. ಮುಖದಲ್ಲಿ ನಗು ಇರಲಿಲ್ಲ.

"ನೋಡಮ್ಮ, ಅವನು ನನ್ನ ಮಗ. ಆದ್ರೂ ಕೇಳ್ತೀನಿ, ನ್ಯಾಯ ಅಂದ್ರೆ ಎಲ್ರಿಗೂ ಒಂದೇ. ಕುರೀದು ತಪ್ಪಾಗಿದ್ರೆ ನೂರು ಜನ ತಟ್ಟೆ ತರೋರು. ಟಗರಿದು ತಪ್ಪು ಅಂದ್ರೆ ಯಾರೂ ಬರಲ್ಲ. ನಾನೇ ಬಂದಿವ್ನಿ. ನೀನಿನ್ನೂ ಚಿಕ್ಕೋಳು, ಕೈಯಾಗೆ ಕೆಲ್ಸ ಐತೆ. ಟಗರು ಬದಲಾಯಿಸ್ತೀಯಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಹೆತ್ತ ಅಮ್ಮನೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಸಂಸಾರದಲ್ಲಿ ಒಬ್ಬರಿಗೊಬ್ಬರು ಎಂಬುದು ಪ್ರಾಣಿಗಳಲ್ಲಿ ಅಪರೂಪ, ಮನುಷ್ಯರು ಅದನ್ನು ಕಾನೂನು, ಧರ್ಮ, ನಾಚಿಕೆ ಎಲ್ಲ ಸೇರಿಸಿ ಕಟ್ಟಿಕೊಂಡಿದ್ದಾರೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ. ಅದನ್ನು ಕೈಯಾರೆ ಕಟ್ಟುವುದೆಂದರೇನು ಎಂದು ಆ ಮರದ ಕೆಳಗೆ ಗೊತ್ತಾಯಿತು. ಕಂಬ ಹತ್ತಿ ಸಂಜೆ ಬಂದು, ನಾನು ಉತ್ತರಪತ್ರಿಕೆ ತಿದ್ದುವಾಗ ಕಾಲ ಬಳಿ ಕೂತು ಅವರೆಕಾಯಿ ಬಿಡಿಸುವ ಆ ಮನುಷ್ಯನನ್ನು ನೆನೆದುಕೊಂಡೆ. ಬಿಟ್ಟುಬಿಡು ಎಂದು ಅನುಮತಿ ಸಿಕ್ಕಿದ ಮೇಲೆ ಬಿಡುವ ಮನಸ್ಸೇ ನನ್ನಲ್ಲಿಲ್ಲ ಎಂದು ತಿಳಿಯಿತು.

"ಇದೇ ಇರಲಿ ಅತ್ತೆ" ಎಂದೆ.

"ಸರ್ಯಾಗಿ ನೋಡ್ಕಂಡಿದೀಯಾ? ಆಮ್ಯಾಕೆ ನನ್ನ ಅನ್ನಬಾರ್ದು."

"ನೋಡಿದೀನಿ. ಇದೇ ಇರಲಿ."

ಆಗ ಅವರು ನಕ್ಕ ನಗುವಿಗೆ ಮರದ ಮೇಲಿನ ಕೊಕ್ಕರೆಗಳು ಒಮ್ಮೆ ಎದ್ದು ಕೂತವು. ಆಮೇಲೆ ಪ್ರತಿ ವರ್ಷ ಕೊಕ್ಕರೆ ಬಂದ ದಿನ ಅವರು ನನ್ನನ್ನು ಹಿತ್ತಲಿಗೆ ಕರೆಯುತ್ತಿದ್ದರು. "ಏನಮ್ಮ ಮೇಡಮ್ಮ, ಈ ವರ್ಷಾನೂ ಇದೇನಾ?" ನಾನು ಗಂಡನನ್ನು ಮೇಲಿಂದ ಕೆಳಗೆ ನೋಡಿ, ಹಲ್ಲು, ಕಾಲು ಎಲ್ಲ ಪರೀಕ್ಷೆ ಮಾಡಿದ ಹಾಗೆ ಮಾಡಿ, "ಇದೇ ಇರಲಿ" ಎನ್ನಬೇಕು. ಅವತ್ತು ಮನೆಯಲ್ಲಿ ಪಾಯಸ. ವರ್ಷ ವರ್ಷ ಮದುವೆ ಊಟ ಹಾಕುವವರು ಯಾರು ಎಂದು ಕೇಳಿದವರು ತಾವೇ ಹಾಕುತ್ತಿದ್ದರು. ಒಂದು ಸಲ ನನ್ನ ಗಂಡ, "ಬರೀ ಅವಳ್ನೇ ಕೇಳ್ತೀಯಲ್ಲ, ನನ್ನನ್ಯಾಕೆ ಕೇಳಲ್ಲ ದೊಡ್ಡವ್ವ?" ಎಂದು ತಕರಾರು ತೆಗೆದರು.

"ಗಂಡಸ್ರನ್ನ ಕೇಳಿ ಕೇಳಿನೇ ನಮ್ಮ ಕಾಲ ಹೋಯ್ತಲ್ಲ. ಸುಮ್ಕೆ ಪಾಯ್ಸ ಕುಡಿಯೋ."

ಮಕ್ಕಳಾಗಲಿಲ್ಲ. ಅದರ ನೋವು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ನೋವನ್ನು ನಮ್ಮಿಬ್ಬರಲ್ಲಿ ಯಾರೊಬ್ಬರ ತಲೆಗೂ ಕಟ್ಟದ ಹಾಗೆ ಅವರು ನೋಡಿಕೊಂಡರು. ನಾವು ಚೆನ್ನಾಗಿದ್ದೇವೆ, ಜಗಳವಾಡುತ್ತೇವೆ, ನಗುತ್ತೇವೆ. ಪಾವಗಡದ ಆ ಹುಡುಗಿ ನರ್ಸ್ ಆಗಿ, ತಾನೇ ನೋಡಿಕೊಂಡ ಹುಡುಗನನ್ನು ಮದುವೆಯಾದಳು. ಮದುವೆಗೆ ನಮ್ಮನ್ನೆಲ್ಲ ಕರೆದಿದ್ದರು. ದೊಡ್ಡತ್ತೆ ಮುಂದಿನ ಸಾಲಿನಲ್ಲಿ ಕೂತು, ಕೊಟ್ಟ ವೀಳ್ಯವನ್ನು ಸೋದರಮಾವನಿಗೆ ತೋರಿಸಿ ತೋರಿಸಿ ಅಗಿದರು. ಅವರೂ ಕೊನೆಗೆ ನಕ್ಕುಬಿಟ್ಟರು.

ಕಳೆದ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಜಗಲಿಯ ಮೇಲೆ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ದೊಡ್ಡತ್ತೆ ಏಳಲಿಲ್ಲ. ಹೇನು ನೋಡು ಎಂದು ಮಲಗಿದ್ದರಂತೆ. ಅತ್ತೆ ಬಹಳ ಹೊತ್ತು ಕೂದಲು ಬಿಡಿಸುತ್ತಲೇ ಇದ್ದರು. ಯಾರನ್ನೂ ಕರೆಯಲಿಲ್ಲ. ನಾನು ಸ್ಕೂಲಿನಿಂದ ಬಂದಾಗ, "ಅಕ್ಕ ಏಳ್ತಾ ಇಲ್ಲ ಕಣಮ್ಮ" ಎಂದರು, ಏಳಿಸಿಕೊಡು ಎಂದು ಕೇಳುವ ಹಾಗೆ.

ಎಲ್ಲ ಕಾರ್ಯ ಮುಗಿದ ಮೇಲೆ ದೊಡ್ಡತ್ತೆಯ ಎಡಗಿವಿಯಿಂದ ತೆಗೆದಿದ್ದ ಓಲೆಯನ್ನು ನಾನು ಅತ್ತೆಗೆ ಕೊಟ್ಟೆ. ಇಷ್ಟು ಕಾಲಕ್ಕೆ ಜೋಡಿಯಾಗಿ ಹಾಕಿಕೊಳ್ಳಲಿ ಎಂದು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ತಮ್ಮ ಬಲಗಿವಿಯದನ್ನೂ ತಿರುಪು ಬಿಚ್ಚಿ ತೆಗೆದರು. ಎರಡನ್ನೂ ನನ್ನ ಸೆರಗಿನಲ್ಲಿ ಹಾಕಿದರು.

"ನನ್ ಜೊತೆಯೋಳು ಹೋದ್ಲು. ನಿನ್ ಜೊತೆಯೋನು ಇದಾನಲ್ಲ. ನೀನ್ ಹಾಕ್ಕೋ."

ಅವರೇ ನನ್ನ ಕಿವಿಗೆ ಹಾಕಿದರು, ಮೊದಲು ಎಡ, ಆಮೇಲೆ ಬಲ. ಹಾಕಿ, ಹಿತ್ತಲಿಗೆ ಹೋಗಿ ಒಂದು ಬೇವಿನ ಕಡ್ಡಿ ಮುರಿದು ತಮ್ಮ ಬಲಗಿವಿಗೆ ಸಿಕ್ಕಿಸಿಕೊಂಡು ಬಂದರು.

ಈ ವರ್ಷವೂ ಕೊಕ್ಕರೆಗಳು ಬಂದವು. ಬೆಳಿಗ್ಗೆಯೇ ಮರದ ಮೇಲೆ ಗಲಾಟೆ ಶುರುವಾಗಿತ್ತು. ಕೇಳುವವರು ಯಾರೂ ಇಲ್ಲವಲ್ಲ ಎಂದುಕೊಂಡು ನಾನು ಸ್ಕೂಲಿಗೆ ಸೀರೆ ಉಡುತ್ತಿದ್ದೆ. ಹಿತ್ತಲಿಂದ ನನ್ನ ಗಂಡ ಕೂಗಿದರು. ಹೋಗಿ ನೋಡಿದರೆ ಡ್ಯೂಟಿಯ ಖಾಕಿ ಬಟ್ಟೆಯಲ್ಲಿ ಹುಣಸೆಮರದ ಕೆಳಗೆ ನಿಂತಿದ್ದರು, ತಲೆ ಬಾಚಿಕೊಂಡು. ಒಲೆಯ ಮೇಲೆ ಅತ್ತೆ ಪಾಯಸಕ್ಕೆ ಇಟ್ಟ ಬೆಲ್ಲದ ವಾಸನೆ ಬರುತ್ತಿತ್ತು.

"ಈ ವರ್ಷಾನೂ ಇದೇನಾ?" ಎಂದು ಕೇಳಿದರು.

ನಾನು ಅವರನ್ನು ಮೇಲಿಂದ ಕೆಳಗೆ ನೋಡಿದೆ, ಹಲ್ಲು ತೋರಿಸಿ ಎಂದೆ, ತೋರಿಸಿದರು. ಹೂಂ ಎಂದು ತಲೆಯಾಡಿಸಿದೆ. ಎರಡು ಕಿವಿಯ ಓಲೆಗಳೂ ಒಟ್ಟಿಗೆ ಅಲುಗಾಡಿದವು.